ಶಾಲೆ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನೂ ನೋಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಶೇ 100 ಸಾಧಿಸಿದ ಶಾಲೆಗಳಿಗೆ ಸನ್ಮಾನ ನಡೆಯುತ್ತದೆ. ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಓದಲು ಬಾರದ ಮಕ್ಕಳನ್ನು ದಡ ಮುಟ್ಟಿಸಿದ ಹಳ್ಳಿ ಶಾಲೆಗಳನ್ನು ಕೇಳುವವರೇ ಇಲ್ಲ.

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಈರುಳ್ಳಿ ಕೀಳುವ ಕಾಲ ಬಂದರೆ ಇಲ್ಲಿ ತರಗತಿಗಳು ಅರ್ಧ ಖಾಲಿ. ಮಳೆ ಕೈಕೊಟ್ಟ ವರ್ಷ ತಂದೆ ತಾಯಿ ಗುಳೆ ಹೋದರೆ ಮಕ್ಕಳೂ ಹಿಂದೆಯೇ ಹೋಗುತ್ತಾರೆ. ಐದನೇ ತರಗತಿಗೆ ಬಂದರೂ ಒತ್ತಕ್ಷರ ಕಂಡರೆ ತಡವರಿಸುವ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಬಾರದ ಮಕ್ಕಳು ನಮ್ಮಲ್ಲಿ ಹಲವರಿದ್ದರು. ಅವರನ್ನು ಶಿಕ್ಷಕಿಯೊಬ್ಬರು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಕೂರಿಸಿಕೊಂಡು ಕಲಿಸಿದರು. ಜೂನ್‌ನಲ್ಲಿ ಯಾರಿಗೆ ಏನು ಬರುತ್ತಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ಪ್ರತಿ ಮಗುವಿನ ಹೆಸರಿನ ಮುಂದೆ ಹೊಸದಾಗಿ ಕಲಿತದ್ದನ್ನು ಗುರುತು ಹಾಕುತ್ತಾ ಬಂದರು. ಅವರಲ್ಲೊಬ್ಬ ಹುಡುಗಿ ಈಗ ಅಪ್ಪ ಮಂಡಿಯಿಂದ ತಂದ ಚೀಟಿ ಹಿಡಿದು, ತೂಕ, ದರ ಓದಿ, ಹಮಾಲಿ ಕಳೆದು, ಕೈಗೆ ಎಷ್ಟು ಬರಬೇಕೆಂದು ಹೇಳುತ್ತಾಳೆ. ಈ ಸಾಧನೆ ಯಾವ ಪಟ್ಟಿಯಲ್ಲೂ ಇಲ್ಲ.

ಶೇಕಡಾವಾರು ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ರಾಜ್ಯಕ್ಕೆ ಪ್ರಥಮ. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂತು, ಜಿಲ್ಲೆ ಬಹಳ ಕೆಳಗೆ ಜಾರಿತು. ರಾಜ್ಯದ ಫಲಿತಾಂಶವೂ ಶೇ 83.89ರಿಂದ, ಕೃಪಾಂಕ ಕೊಟ್ಟ ಮೇಲೂ, ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ, ಶಿಕ್ಷಕರು ಮೈಗಳ್ಳರಾಗಲೂ ಇಲ್ಲ. ಹಾಗಾದರೆ ಅಂಥ ಅಂಕಿಗೆ ಹಾರ ಹಾಕಿ ಶಾಲೆಯ ಯೋಗ್ಯತೆ ಅಳೆಯುವುದು ಹೇಗೆ?

ಜಿಲ್ಲಾ ಪಂಚಾಯಿತಿ ಮತ್ತು ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ) ಕಚೇರಿ ಮನಸ್ಸು ಮಾಡಿದರೆ ದಾರಿಯಿದೆ. ವರ್ಷದ ಮೊದಲಲ್ಲಿ ಮತ್ತು ಕೊನೆಯಲ್ಲಿ ಅದೇ ಮಕ್ಕಳ ಓದು, ಲೆಕ್ಕ ಪರೀಕ್ಷಿಸಲಿ. ಪರೀಕ್ಷಿಸುವವರು ಬೇರೆ ಕ್ಲಸ್ಟರಿನ, ಅಂದರೆ ಬೇರೆ ಶಾಲಾ ಗುಂಪಿನ, ಸಿಆರ್‌ಪಿಗಳಾಗಿರಲಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು). ಇಲ್ಲದಿದ್ದರೆ ಇದೂ ಕಾಗದದ ಮೇಲಿನ ಪ್ರಗತಿಯಾದೀತು. ಕಲಿಕೆ ಹೆಚ್ಚಿಸಿದ ಶಾಲೆಗಳನ್ನು ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯಲ್ಲಿ ವೇದಿಕೆಗೆ ಕರೆಯಲಿ. ಮುಖ್ಯ ಶಿಕ್ಷಕರ ಜೊತೆಗೆ ಅತಿಥಿ ಶಿಕ್ಷಕರೂ ಬರಲಿ, ಬಿಸಿಯೂಟದ ಅಡುಗೆಯವರೂ ಬರಲಿ. ಬಹುಮಾನದ ಹಣ ಎಸ್‌ಡಿಎಂಸಿ ಖಾತೆಗೆ ಜಮೆಯಾಗಲಿ. ನಮ್ಮ ಶಾಲೆಗಾದರೆ ಮೊದಲು ಬೇಕಿರುವುದು ಮಕ್ಕಳು ಮನೆಗೆ ಒಯ್ದು ಓದಬಹುದಾದ ಕಥೆ ಪುಸ್ತಕಗಳು.

– ಎಸ್‌ಡಿಎಂಸಿ ಸದಸ್ಯೆ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ