ಜನ ಇಲ್ಲವಂತೆ, ಅದಕ್ಕೇ ಬಸ್ಸೂ ಇಲ್ಲವಂತೆ

ಮಾನ್ಯರೇ,

ನಮ್ಮೂರಿನ ಬೆಳಗಿನ ಬಸ್ ‘ಪ್ರಯಾಣಿಕರ ಕೊರತೆ’ಯಿಂದ ರದ್ದಾದ ವರದಿ ಓದಿದೆ. ಓದುವ ಮೊದಲೇ ಅನುಭವಿಸಿಯೂ ಆಗಿತ್ತು. ಸೋಮವಾರ ಏಳರಿಂದ ಒಂಬತ್ತೂವರೆವರೆಗೆ ತಂಗುದಾಣದಲ್ಲಿ ನಿಂತಿದ್ದೆ. ಅದೇ, ಮಾಡಿನ ಶೀಟು ಅರ್ಧ ಹಾರಿಹೋಗಿರುವ ತಂಗುದಾಣ. ಮಳೆಗೆ ಒಳಗೂ ಕೊಡೆ ಬಿಚ್ಚಿಕೊಂಡೇ ನಿಲ್ಲಬೇಕು. ಜೊತೆಗೆ ಕಾಲೇಜಿನ ಇಬ್ಬರು ಹುಡುಗಿಯರು, ಔಷಧಿಗೆ ಹೊರಟಿದ್ದ ಒಬ್ಬರು ಅಜ್ಜಿ. ಕಡೆಗೆ ಆಟೋಗೆ 450 ರೂಪಾಯಿ ತೆತ್ತು ಕಚೇರಿ ಮುಟ್ಟಿದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆಯ ಕೇಸ್ ವರ್ಕರ್ ಮೀಟಿಂಗ್‌ನಲ್ಲಿದ್ದರು. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಪಹಣಿಯಲ್ಲಿ ಇನ್ನೂ ಬದುಕಿದ್ದಾರೆ. ನಮ್ಮೂರಲ್ಲಿ ಜನ ಕಮ್ಮಿಯಾಗದ ಜಾಗ ಅದೊಂದೇ!

ಬಸ್ಸಿನವರಿಗೆ ಫೋನ್ ಮಾಡಿದರೆ, ‘ಜನ ಎಲ್ಲಿದ್ದಾರೆ ಸಾರ್?’ ಅಂದರು. ಸರಿ, ಕಮ್ಮಿಯೇ. 2001ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ ಇದ್ದೆವು, 2011ಕ್ಕೆ 11,37,961 ಆದೆವು. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು. ಹೋದವರು ಎಲ್ಲಿಗೆ ಹೋದರು ಅಂತ ಬೇರೆ ಹೇಳಬೇಕಾ? ನನ್ನ ಇಬ್ಬರು ಮಕ್ಕಳೂ ಅಲ್ಲೇ. ಬಸ್ಸಿಲ್ಲ, ಡಾಕ್ಟರಿಲ್ಲ, ಮೇಷ್ಟ್ರಿಲ್ಲ ಅಂತ ಜನ ಊರು ಬಿಟ್ಟರು. ಈಗ ಜನ ಇಲ್ಲ ಅಂತ ಉಳಿದಿದ್ದ ಒಂದು ಬಸ್ಸನ್ನೂ ಕಿತ್ತುಕೊಂಡಿರಿ. ಲೆಕ್ಕ ಸರಿಹೋಯಿತು, ಅಲ್ವಾ?

ಶನಿವಾರ, ಭಾನುವಾರ ಬಂದು ನೋಡಿ. ಹೋಮ್‌ಸ್ಟೇ ಕಾರುಗಳ ನಡುವೆ ರಸ್ತೆ ದಾಟಲು ಆಗುವುದಿಲ್ಲ. ಅವರು ಎಸೆದುಹೋದ ಬಾಟಲಿ ಎತ್ತಬೇಕಾದದ್ದು ಪಂಚಾಯಿತಿ. ಇರುವುದು ಒಂದು ಕಸದ ಗಾಡಿ, ಸೋಮವಾರ ಅದಕ್ಕೂ ಸುಸ್ತು. ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನ ಕುಟುಂಬಗಳಿವೆ. ಅವರೂ ನೀರು ಕುಡಿಯುತ್ತಾರೆ, ಅವರ ಮಕ್ಕಳಿಗೂ ಜ್ವರ ಬರುತ್ತದೆ. ಆದರೆ ನಾನೂರು ಜನಕ್ಕೊಬ್ಬ ಗ್ರಾಮ ಪಂಚಾಯಿತಿ ಸದಸ್ಯ ಅನ್ನುವುದಕ್ಕೂ, ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನಕ್ಕೂ ಇಷ್ಟು ವರ್ಷ ಹಿಡಿದದ್ದು 2011ರ ಜನಗಣತಿಯ ಪಟ್ಟಿಯನ್ನೇ. 2021ರ ಗಣತಿ ಆ ವರ್ಷ ನಡೆಯಲೇ ಇಲ್ಲ. 2011ರ ಎಣಿಕೆ ಮುಗಿದ ಮೇಲೆ ಹುಟ್ಟಿದ ನನ್ನ ಮೊಮ್ಮಗ ಹೈಸ್ಕೂಲಿಗೆ ಬಂದ.

ಹೇಳಿಕೊಳ್ಳೋಣ ಅಂದರೆ ಯಾರಿಗೆ? ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ಆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳದ್ದೇ ದರ್ಬಾರು. ಹೋದ ವರ್ಷ ಹಳ್ಳಕ್ಕೆ ಕಾಲುಸಂಕ ಕೇಳಿದ್ದೆವು. ನೋಡಲು ಬಂದ ಎಂಜಿನಿಯರ್, ‘ಆಚೆ ಎಷ್ಟು ಮನೆ?’ ಅಂದರು. ಹನ್ನೊಂದು ಅಂದೆ. ಸುಮ್ನೆ ನಕ್ಕು, ಟೀ ಕುಡಿದು ಹೋದರು. ಟೀ ನಮ್ಮ ಮನೆಯದೇ.

ಬೆಳಗಿನ ಬಸ್ಸನ್ನು ಮತ್ತೆ ಬಿಡಿ. ಆಗದಿದ್ದರೆ ಒಂದು ಜೀಪಾದರೂ ಬಿಡಿ. ಅದೂ ಆಗದಿದ್ದರೆ, ಜನ ಇಲ್ಲ ಅಂದ ಸಾಹೇಬರು ಒಂದು ದಿನ ಬೆಳಗ್ಗೆ ಏಳಕ್ಕೆ ನಮ್ಮ ತಂಗುದಾಣಕ್ಕೆ ಬಂದು ತಲೆ ಎಣಿಸಲಿ. ಬರುವಾಗ ಕೊಡೆ ತರಲಿ.

– ಕಾದು ಸುಸ್ತಾದ ಓದುಗ, ಚಿಕ್ಕಮಗಳೂರು ಜಿಲ್ಲೆ