ನಾಲ್ಕನೇ ಕ್ಲಾಸಿನ ಜೂನ್ ತಿಂಗಳ ಕಡೆ ಸ್ವಲ್ಪ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದ್ರೆ ಪೇಪರ್‌ನಲ್ಲಿ ಪುಟಗಟ್ಲೆ ಬರುತ್ತೆ, ಯಾವ ಜಿಲ್ಲೆ ಮೇಲೆ ಬಂತು ಯಾವ್ದು ಕೆಳಗೆ ಹೋಯ್ತು, ಮಕ್ಕಳ ಬಾಯಿಗೆ ಸ್ವೀಟ್ ಇಡೋ ಫೋಟೋ, ಎಲ್ಲಾ ನಾನೂ ಓದ್ತೀನಿ. ಆದ್ರೆ ನಾಲ್ಕನೇ ಕ್ಲಾಸಿನ ಬಗ್ಗೆ ಯಾರಾದ್ರೂ ಒಂದು ಕಾಲಂ ಬರೆದಿದ್ದು ನಾನಂತೂ ನೋಡಿಲ್ಲ. ಮಕ್ಕಳು ಹಿಂದೆ ಬೀಳೋಕೆ ಶುರುವಾಗೋದು ಅಲ್ಲೇ ಅಂತ ನನಗೆ ಈ ಒಂದು ವರ್ಷದಲ್ಲಿ ಚೆನ್ನಾಗಿ ಗೊತ್ತಾಯ್ತು, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಅರಸೀಕೆರೆ ತಾಲೂಕಿನ ಒಂದು ಹಳ್ಳಿಯವಳು. ಪಿಯುಸಿವರೆಗೆ ಓದಿದ್ದೀನಿ, ಮನೆಯಲ್ಲಿ ತೆಂಗಿನ ತೋಟ, ಜೊತೆಗೆ ಬಟ್ಟೆ ಹೊಲೀತೀನಿ. ಮಗ ಊರಿನ ಸರ್ಕಾರಿ ಶಾಲೇಲಿ ನಾಲ್ಕನೇ ಕ್ಲಾಸು ಮುಗಿಸಿದ. ನಾನು ಎಸ್‌ಡಿಎಂಸಿ ಮೆಂಬರ್, ಅಂದ್ರೆ ಶಾಲೆ ನೋಡ್ಕೊಳ್ಳೋ ಅಪ್ಪ ಅಮ್ಮಂದಿರ ಸಮಿತಿಯವಳು, ಹಾಗಾಗಿ ವಾರಕ್ಕೆ ಒಂದು ಸಲನಾದ್ರೂ ಶಾಲೆ ಕಡೆ ಹೋಗ್ತೀನಿ, ಬಿಸಿಯೂಟ ನೋಡಿ ಬರೋದು, ಒಂದೊಂದು ದಿನ ಮೇಷ್ಟ್ರು ಅಂದ್ರೆ ಕ್ಲಾಸಲ್ಲೂ ಕೂತ್ಕೊಂಡು ಬರೋದು.

ಗೊತ್ತಿಲ್ಲದವರಿಗೆ ಹೇಳ್ಬೇಕು, ಸರ್ಕಾರಿ ಶಾಲೇಲಿ ಒಂದು ಎರಡು ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನಲಿ ಕಲಿಯಲ್ಲಿ ಕೂರ್ತಾರೆ. ಇದು 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಗಿದ್ದು, ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡ್ಕೊಂಡು ಬಂದು ಯುನಿಸೆಫ್ ಸಹಾಯದಿಂದ ಮಾಡಿದ್ದು, ಆಮೇಲೆ ಇಡೀ ರಾಜ್ಯಕ್ಕೆ ಬಂತು. ಅಲ್ಲಿ ಬೆಂಚಿಲ್ಲ, ಮಕ್ಕಳು ತಟ್ಟೆಗಳು ಅಂತ ಕರೆಯೋ ಗುಂಪುಗಳಲ್ಲಿ ಸುತ್ತ ಕೂರ್ತಾರೆ, ಚಿತ್ರ ಇರೋ ಕಾರ್ಡು ಎತ್ಕೊಂಡು ತಮ್ಮ ತಮ್ಮ ಮೆಟ್ಟಿಲಲ್ಲಿ ಕಲೀತಾರೆ, ತಲೆ ಮೇಲೆ ಚಪ್ಪರ, ಅದರಲ್ಲಿ ಅವರೇ ಮಾಡಿದ ಕಾಗದದ ಗಿಳಿ ದೋಣಿ ನೇತಾಡ್ತಿರುತ್ತೆ, ಗೋಡೆ ಕೆಳಗೆ ಅವರ ಎತ್ತರಕ್ಕೆ ಕಪ್ಪು ಹಲಗೆ. ಒಬ್ಬ ನಿಧಾನಕ್ಕೆ ಕಲಿತ್ರೆ ನಿಧಾನಕ್ಕೆ ಕಲಿಯಬಹುದು, ನಾಲ್ಕು ದಿನ ಜ್ವರ ಬಂದು ಮನೇಲಿ ಮಲಗಿದ್ರೆ ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಶುರು ಮಾಡಬಹುದು. ನನಗೆ ಅದು ತುಂಬ ಇಷ್ಟ ಆದ ಪದ್ಧತಿ.

ಜೂನ್‌ನಲ್ಲಿ ಇದೇ ಮಗು ನಾಲ್ಕನೇ ಕ್ಲಾಸಿಗೆ ಬರುತ್ತೆ ನೋಡಿ, ಒಂದೇ ದಿನದಲ್ಲಿ ಎಲ್ಲಾ ಬದಲು. ಬೆಂಚು, ಎದುರಿಗೆ ಬೋರ್ಡು, ಕೈಗೆ ಕನ್ನಡ ಇಂಗ್ಲಿಷ್ ಗಣಿತ ಪರಿಸರ ಅಧ್ಯಯನ ಅಂತ ದಪ್ಪ ಪುಸ್ತಕ, ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ನನ್ನ ಮಗ ಮೊದಲ ದಿನ ಬಂದು ಕೇಳಿದ್ದು ಇದು, "ಅಮ್ಮ, ನಾನ್ ಈಗ ಎಷ್ಟನೇ ಮೆಟ್ಲಲ್ಲಿ ಇದೀನಿ?" ನನಗೆ ಏನು ಹೇಳ್ಬೇಕು ಅಂತ ತೋಚಲಿಲ್ಲ.

ಪಾಠಗಳು ಕೆಟ್ಟದ್ದು ಅಂತ ನಾನು ಖಂಡಿತ ಹೇಳೋದಿಲ್ಲ, ನಾಲ್ಕನೇ ಕ್ಲಾಸಿನ ಪಾಠ ಎಷ್ಟು ಚೆನ್ನಾಗಿದೆ ಅಂತ ಓದಿದವರಿಗೇ ಗೊತ್ತು. ಪರಿಸರ ಅಧ್ಯಯನದಲ್ಲಿ ಬೇರಿನ ಬಗ್ಗೆ ಬರುತ್ತೆ, ತಾಯಿಬೇರು ತಂತುಬೇರು ಅಂತ. ಮೇಷ್ಟ್ರು ಎರಡು ಗಿಡ ಕಿತ್ಕೊಂಡು ಬನ್ನಿ ಅಂದಿದ್ರು, ಇವನು ಹೊಲದಿಂದ ಒಂದು ರಾಗಿ ಪೈರು, ಹಿತ್ತಲಿಂದ ಒಂದು ಹರಿವೆ ಗಿಡ ಮಣ್ಣು ಸಮೇತ ಕಿತ್ತು ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಹೋದ. ಸಾಯಂಕಾಲ ಬಂದವನೇ ಅವರಪ್ಪನ್ನ ಹಿಡ್ಕೊಂಡು ತೆಂಗಿನ ಮರಕ್ಕೆ ಯಾವ ಬೇರು ಅಂತ ಶುರು ಮಾಡಿದ. ಅವರಪ್ಪ ತೋಟಕ್ಕೆ ಕರ್ಕೊಂಡು ಹೋಗಿ ಬುಡದ ಹತ್ರ ಮಣ್ಣು ಕೆದಕಿ ತೋರಿಸಿದ್ರು, ದಾರದ ತರ ಬೇರುಗಳು ಎಲ್ಲಾ ಕಡೆ ಹೋಗಿದ್ವು, ಅದಕ್ಕೇ ನೋಡು ನಾವು ಗೊಬ್ಬರ ಹಾಕೋಕೆ ಪಾತೀನ ಅಗಲಕ್ಕೆ ಮಾಡೋದು, ಬರೀ ಬುಡಕ್ಕೆ ಸುರಿದ್ರೆ ಮರಕ್ಕೆ ಸಿಗಲ್ಲ ಅಂದ್ರು. ಮಗ ಸುಮ್ಮನೆ ನಿಂತು ನೋಡ್ತಾ ಇದ್ದ. ನಲವತ್ತು ವರ್ಷದಿಂದ ಅವರು ಮಾಡ್ಕೊಂಡು ಬಂದ ಕೆಲಸಕ್ಕೆ ಮಗನ ಪುಸ್ತಕದಲ್ಲಿ ಒಂದು ಹೆಸರು ಇದೆ ಅಂತ ಗೊತ್ತಾಗಿ ಅವರಿಗೂ ಖುಷಿ ಆಯ್ತು.

ಕುಟುಂಬದ ಪಾಠಕ್ಕೆ ನಮ್ಮತ್ತೆ ಹತ್ರ ಕೂತು ಹಿರಿಯರ ಹೆಸರು ಬರ್ಕೊಂಡ. ಅತ್ತೆ ಶಾಲೆ ಮೆಟ್ಟಿಲು ಹತ್ತಿದವರಲ್ಲ, ಆದ್ರೆ ನಾಲ್ಕು ತಲೆಮಾರು ಹೆಸರು, ಯಾರು ಯಾವ ಊರಿಂದ ಬಂದವರು, ಯಾವ ಬರಗಾಲದಲ್ಲಿ ಯಾವ ಎತ್ತು ಮಾರಿದ್ದು ಎಲ್ಲಾ ಬಾಯಲ್ಲೇ ಇದೆ, ಇವನ ಹಾಳೇಲಿ ಜಾಗ ಸಾಕಾಗಲಿಲ್ಲ. ನಕ್ಷೆ ಪಾಠ ಬಂದಾಗ ಊರಿನ ನಕ್ಷೆ ಬರೆದ, ಹಾಲಿನ ಡೈರಿ, ಅರಳಿಕಟ್ಟೆ, ಶಾಲೆ, ನಮ್ಮನೆ ಎಲ್ಲಾ ಹಾಕಿ ಉತ್ತರ ದಿಕ್ಕನ್ನ ಶಾಲೆ ಬಾಗಿಲ ಕಡೆ ಬರೆದಿದ್ದ, ಯಾಕಂದ್ರೆ ಪುಸ್ತಕದಲ್ಲಿ ಉತ್ತರ ಮೇಲೆ ಇರುತ್ತೆ, ಕ್ಲಾಸಲ್ಲಿ ಅವನಿಗೆ ಎದುರಿಗೆ ಕಾಣೋದು ಬಾಗಿಲು. ಮಾರನೇ ದಿನ ಬೆಳಿಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ಅಂಗಳದಲ್ಲಿ ನಿಲ್ಲಿಸಿದ ಮೇಲೆ ಅವನೇ ರಬ್ಬರ್ ತಗೊಂಡು ಅಳಿಸಿ ಸರಿ ಮಾಡ್ದ.

ಹೀಗೆ ಕಲಿಯೋಕೆ ಟೈಮ್ ಬೇಕು ಸಾರ್. ನಾನು ಹೇಳ್ತಿರೋದು ಇಷ್ಟೇ, ಟೈಮು ಇಲ್ಲ. ಪಾಠ ಮುಗಿಸ್ಬೇಕು ಅನ್ನೋ ಓಟ ಜೂನ್‌ನಲ್ಲೇ ಶುರುವಾಗುತ್ತೆ, ಎಫ್‌ಎ 1, ಎಫ್‌ಎ 2, ಎಸ್‌ಎ 1 ಅಂತ ಒಂದರ ಹಿಂದೆ ಒಂದು ಪರೀಕ್ಷೆ, ದಸರಾ ಆದ್ಮೇಲೆ ಮತ್ತೆ ಅದೇ. 2025ರಲ್ಲಂತೂ ಜಾತಿ ಸಮೀಕ್ಷೆಗೆ ಮೇಷ್ಟ್ರುಗಳೆಲ್ಲಾ ಹೋಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೀತು. ಸಮೀಕ್ಷೆ ಬೇಡ ಅಂತಲ್ಲ, ಆದ್ರೆ ಕಳೆದ ದಿನಗಳ ಪಾಠ ಮಿಕ್ಕ ದಿನಗಳ ತಲೆ ಮೇಲೆ ಬಿತ್ತು. ನಮ್ಮೂರಲ್ಲಿ ನಾಲ್ಕು ಐದು ಎರಡೂ ಕ್ಲಾಸಿಗೆ ಒಬ್ಬರೇ ಮೇಷ್ಟ್ರು, ಈ ಕಡೆ ಬೋರ್ಡಲ್ಲಿ ಬರ್ಕೊಳ್ಳಿ ಅಂತ ಕೊಟ್ಟು ಆ ಕಡೆ ಪಾಠ ಮಾಡ್ತಾರೆ, ಮಧ್ಯದಲ್ಲಿ ಫೋನ್ ಬಂದ್ರೆ ಯಾವುದೋ ಮಾಹಿತಿ ಕಳಿಸ್ಬೇಕು. ಅವರನ್ನ ದೂರೋಕೆ ನನಗೆ ಮನಸ್ಸಿಲ್ಲ, ಅವರ ಕಷ್ಟ ಕಣ್ಣಾರೆ ನೋಡಿದ್ದೀನಿ.

ಗಣಿತದ್ದು ಒಂದು ಹೇಳ್ತೀನಿ. ನಾಲ್ಕನೇ ಕ್ಲಾಸಲ್ಲಿ ನಾಲ್ಕು ಅಂಕಿ ಸಂಖ್ಯೆ ಬರುತ್ತೆ, ಕೂಡೋದು ಕಳೆಯೋದು, ಗುಣಾಕಾರ ಭಾಗಾಕಾರ, ಸುತ್ತಳತೆ, ವೃತ್ತ, ಭಿನ್ನರಾಶಿ. ಒಂದಿನ ಮನೇಲಿ 3000ದಲ್ಲಿ 1467 ಕಳೆಯೋ ಲೆಕ್ಕ ಮಾಡ್ತಿದ್ದ, ಉತ್ತರ 2467 ಅಂತ ಬರೆದ. ಹೇಗಪ್ಪಾ ಅಂದ್ರೆ ಸೊನ್ನೇಲಿ ಏಳು ಹೋಗಲ್ಲ ಅದಕ್ಕೆ ಏಳು, ಸೊನ್ನೇಲಿ ಆರು ಹೋಗಲ್ಲ ಅದಕ್ಕೆ ಆರು, ಹಾಗೇ ನಾಲ್ಕು, ಮೂರರಲ್ಲಿ ಒಂದು ಹೋದ್ರೆ ಎರಡು. ಪಕ್ಕದಿಂದ ತಗೋಬೇಕು ಅಂದೆ, ಪಕ್ಕದಲ್ಲೂ ಸೊನ್ನೆನೇ ಇದೆಯಲ್ಲ ಅಮ್ಮ ಅಂದ. ಅವನು ಹೇಳಿದ್ದು ಸರಿನೇ ತಾನೆ. ಆಗ ನಾನು ಕೊಬ್ಬರಿ ಮಾರಿ ಬಂದಿದ್ದ ದುಡ್ಡಲ್ಲಿ 500ರ ಆರು ನೋಟು ತಂದು ಅವನ ಮುಂದೆ ಇಟ್ಟೆ, ಇದರಲ್ಲಿ ನನಗೆ 1467 ಕೊಡು, ಮಿಕ್ಕಿದ್ದು ನಿನ್ನದು ಅಂದೆ. ಎರಡು ನೋಟು ಕೊಟ್ಟ, ಸಾವಿರ ಆಯ್ತು. ಆಮೇಲೆ ಕೈ ನಿಂತೋಯ್ತು. ಸ್ವಲ್ಪ ಹೊತ್ತು ನೋಡಿ "ಚಿಲ್ರೆ ಬೇಕು ಅಮ್ಮ" ಅಂದ. ಅಂಗಡಿಗೆ ಓಡಿ ಹೋಗಿ ಒಂದು ಐನೂರನ್ನ ನೂರರ ಐದು ನೋಟು ಮಾಡಿಸ್ಕೊಂಡು ಬಂದ, ಅದರಲ್ಲಿ ಒಂದು ನೂರನ್ನ ಮತ್ತೆ ಹತ್ತರ ನೋಟು ಮಾಡಿಸ್ದ, ಒಂದು ಹತ್ತನ್ನ ಒಂದೊಂದು ರೂಪಾಯಿ ಮಾಡಿಸ್ದ. ಕೊನೆಗೆ ಅವನ ಕಡೆ 1533 ಉಳೀತು, ಎರಡು ಸಲ ಎಣಿಸಿದ. ಆವತ್ತಿಂದ ಸೊನ್ನೆ ಇರೋ ಲೆಕ್ಕ ಬಂದ್ರೆ "ಚಿಲ್ರೆ ಮಾಡಿಸ್ಬೇಕು" ಅಂತ ಬಾಯಲ್ಲಿ ಹೇಳ್ಕೊಂಡು ಮಾಡ್ತಾನೆ, ತಪ್ಪೋದಿಲ್ಲ. ಗಣಿತ ಕಲಿಕಾ ಆಂದೋಲನ ಅಂತ ನಾಲ್ಕು ಐದನೇ ಕ್ಲಾಸಿಗೆ ಅಂತಲೇ ಸರ್ಕಾರಿ ಶಾಲೆಗಳಿಗೆ ಕಿಟ್ ಬಂದಿದೆ, ಅದರಲ್ಲಿ ಇದಕ್ಕೇ ಆಟದ ನೋಟು ನಾಣ್ಯ ಇದೆ, ಮಣಿಚೌಕಟ್ಟು ಇದೆ. ಪೆಟ್ಟಿಗೆ ತೆಗೆದು ಮಕ್ಕಳ ಕೈಗೆ ಕೊಡೋಕೆ ಅರ್ಧ ಗಂಟೆ ಬೇಕು, ಅದಕ್ಕಿಂತ ಬೋರ್ಡ್ ಮೇಲೆ ಮಾಡಿ ತೋರಿಸಿದ್ರೆ ಐದು ನಿಮಿಷ, ಪಾಠ ಮುಗಿಸ್ಬೇಕಾದವರು ಯಾವುದು ಮಾಡ್ತಾರೆ ಹೇಳಿ.

ಈಗ ನನ್ನ ಮನಸ್ಸಿಗೆ ತುಂಬ ಚುಚ್ಚಿದ ವಿಷಯಕ್ಕೆ ಬರ್ತೀನಿ. ಜನವರಿಯಲ್ಲಿ ಒಂದಿನ ಕ್ಲಾಸಲ್ಲಿ ಕೂತಿದ್ದಾಗ ಪಕ್ಕದಲ್ಲಿ ಒಂದು ಹೆಣ್ಣು ಮಗು, ಹೆಸರು ಬೇಡ, ಅವಳ ಕನ್ನಡ ನೋಟ್ಸ್ ತೆಗೆದು ನೋಡಿದೆ. ಅಕ್ಷರ ಮುತ್ತು ಪೋಣಿಸಿದ ಹಾಗೆ, ಬಿಟ್ಟ ಸ್ಥಳ ತುಂಬಿ, ಒಂದು ವಾಕ್ಯದಲ್ಲಿ ಉತ್ತರಿಸಿ, ವಿರುದ್ಧ ಪದ, ಎಲ್ಲಾ ಪೂರ್ತಿ, ಎಲ್ಲಾ ಕಡೆ ರೈಟ್ ಮಾರ್ಕು. ಎಷ್ಟು ಚೆನ್ನಾಗಿ ಬರೆದಿದ್ದೀಯ ಪುಟ್ಟಿ, ಇದನ್ನ ಓದು ಅಂದೆ. ಸುಮ್ಮನೆ ಕೂತ್ಲು. ನಾಚಿಕೆ ಅಂದ್ಕೊಂಡು ಹತ್ರ ಸರಿದು ನಾನೂ ಜೊತೆಗೆ ಓದ್ತೀನಿ ಅಂತ ಬೆರಳಿಟ್ಟೆ. ಮೊದಲ ಪದ ಓದಿದ್ಲು, ಎರಡನೇ ಪದದಲ್ಲಿ ಒತ್ತಕ್ಷರ ಬಂತು, ಅಲ್ಲಿಗೆ ನಿಂತ್ಲು, ನನ್ನ ಮುಖ ನೋಡಿದ್ಲು. ತನ್ನ ಕೈಯಾರೆ ಬರೆದಿದ್ದನ್ನೇ ಅವಳಿಗೆ ಓದೋಕೆ ಬರಲ್ಲ. ಬೋರ್ಡಲ್ಲಿ ಇರೋದನ್ನ ಚಿತ್ರ ಬಿಡಿಸಿದ ಹಾಗೆ ಇಳಿಸ್ಕೊಂಡಿದ್ದಾಳೆ, ಅಷ್ಟೇ. ಆಮೇಲೆ ಮೇಷ್ಟ್ರು ಹತ್ರ ಮೆಲ್ಲಗೆ ಕೇಳಿದೆ, ಅವರು ತಲೆ ತಗ್ಗಿಸಿ "ಗೊತ್ತು ಮೇಡಂ, ಹೀಗೆ ಇನ್ನೂ ನಾಲ್ಕೈದು ಮಕ್ಕಳಿದ್ದಾರೆ" ಅಂದ್ರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಲಿ ಕಲಿಯಲ್ಲಿ ಇದ್ದಿದ್ರೆ ಆ ಮಗು ಒತ್ತಕ್ಷರದ ಮೆಟ್ಟಿಲಲ್ಲೇ ಇರ್ತಿತ್ತು, ಎಲ್ಲಿ ನಿಂತಿದ್ದಾಳೆ ಅಂತ ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಗುರುತು ಹಾಕೋ ಗೋಡೆ ಮೇಲಿನ ಪ್ರಗತಿ ನೋಟದಲ್ಲಿ ಎಲ್ಲರಿಗೂ ಕಾಣ್ತಿತ್ತು. ಮೂರನೇ ಕ್ಲಾಸಿನ ಮೆಟ್ಟಿಲು ಮುಗೀದೇ ಇದ್ರೂ ಜೂನ್ ಬಂದ್ರೆ ನಾಲ್ಕನೇ ಕ್ಲಾಸೇ, ಅಲ್ಲಿ ಮೆಟ್ಟಿಲು ಇಲ್ಲ, ಹಾಗಾಗಿ ಅವಳು ಎಲ್ಲಿ ನಿಂತಿದ್ದಾಳೆ ಅಂತ ತೋರಿಸೋ ಜಾಗನೇ ಇಲ್ಲ. ಓದೋಕೆ ಬರದ ಮಗುಗೆ ಪರಿಸರದ ಪುಸ್ತಕವೂ ಮುಚ್ಚಿದ ಬಾಗಿಲು, ಗಣಿತದ ಬಾಯಿಲೆಕ್ಕ ಮಾಡೋಳು ಕೂಡ ಪುಸ್ತಕದಲ್ಲಿ ನಾಲ್ಕು ಸಾಲಿನ ಲೆಕ್ಕ ಕೊಟ್ರೆ ಮಾಡೋಕಾಗಲ್ಲ. ಈ ಮಗು ಅಂಗಡೀಲಿ ಚಿಲ್ಲರೆ ಎಣಿಸಿ ತಗೊಂಡು ಬರ್ತಾಳೆ, ಅವರಮ್ಮನ ಜೊತೆ ಹೂ ಕಟ್ಟಿ ಮಾರ್ತಾಳೆ, ಮಾರಿನ ಲೆಕ್ಕ ತಪ್ಪಲ್ಲ. ಅವಳು ದಡ್ಡಿ ಅಲ್ಲವೇ ಅಲ್ಲ. ಹೀಗೇ ಐದು ಆರು ಏಳು ಅಂತ ಹೋಗಿ ಹತ್ತನೇ ಕ್ಲಾಸಲ್ಲಿ ಫೇಲ್ ಆದಾಗ ಎಲ್ಲರೂ ಓದಲಿಲ್ಲ ಅಂತಾರೆ.

ಕೊರೋನಾ ಆದ್ಮೇಲೆ 2022-23ರಲ್ಲಿ ಕಲಿಕಾ ಚೇತರಿಕೆ ಅಂತ ಮಾಡಿದ್ರಲ್ಲ, ಬಿಟ್ಟುಹೋಗಿದ್ದನ್ನ ಮೊದಲು ಕಲಿಸೋಣ ಅಂತ ಬೇರೆ ಹಾಳೆಗಳನ್ನೇ ಕೊಟ್ಟಿದ್ರು. ಆ ಯೋಚನೆ ಸರಿ ಇತ್ತು. ಕೊರೋನಾ ಇಲ್ಲದ ವರ್ಷನೂ ನಾಲ್ಕನೇ ಕ್ಲಾಸಿಗೆ ಅದು ಬೇಕು. ಜೂನ್ ಜುಲೈ ಎರಡು ತಿಂಗಳು ಪುಸ್ತಕದ ಪಾಠಕ್ಕೆ ಅವಸರ ಮಾಡದೆ ಪ್ರತಿ ಮಗು ಹತ್ರ ಕೂತು ಒಂದು ಪುಟ ಜೋರಾಗಿ ಓದಿಸಿ, ಎಲ್ಲಿ ನಿಲ್ಲುತ್ತೋ ಅಲ್ಲಿಂದ ಶುರು ಮಾಡಿ, ಮೂರನೇ ಕ್ಲಾಸಿನ ಕಾರ್ಡುಗಳನ್ನ ನಾಲ್ಕನೇ ಕ್ಲಾಸಿನ ರೂಮಲ್ಲೂ ಇಡಿ. ಹಾಗೆ ಮಾಡೋಕೆ ಮೇಷ್ಟ್ರುಗಳಿಗೆ ಇಲಾಖೆಯಿಂದ ಬರವಣಿಗೇಲಿ ಅನುಮತಿ ಬೇಕು, ಇಲ್ಲಾಂದ್ರೆ ಪಾಠ ಎಲ್ಲಿಗೆ ಬಂತು ಅಂತ ಕೇಳೋಕೆ ಬಂದವರ ಮುಂದೆ ಅವರು ಕೈ ಕಟ್ಟಿ ನಿಲ್ಲಬೇಕಾಗುತ್ತೆ. ಆ ಎರಡು ತಿಂಗಳಾದ್ರೂ ನಾಲ್ಕನೇ ಕ್ಲಾಸಿಗೆ ಅಂತಲೇ ಒಬ್ಬರು ಬೇಕು, ಅತಿಥಿ ಶಿಕ್ಷಕರಾದ್ರೂ ಸರಿ. ಅತಿಥಿ ಶಿಕ್ಷಕರು ಬರೋ ಹೊತ್ತಿಗೆ ಜೂನ್ ಮುಗಿದಿರುತ್ತೆ, ಅದನ್ನ ಮೇ ತಿಂಗಳಲ್ಲೇ ಮಾಡೋಕೆ ಏನು ಅಡ್ಡಿ ಅಂತ ನನಗೆ ಅರ್ಥ ಆಗಲ್ಲ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಸಮುದಾಯದತ್ತ ಶಾಲೆ ಅಂತ ಅಪ್ಪ ಅಮ್ಮಂದಿರನ್ನ ಶಾಲೆಗೆ ಕರೆಯೋ ದಿನ ನಾವೆಲ್ಲಾ ಹೋಗಿ ಎ ಪ್ಲಸ್ಸಾ ಎ ನಾ ಅಂತ ನೋಡಿ ಸೈನ್ ಹಾಕಿ ಬರ್ತೀವಿ. ಆ ಹುಡುಗಿ ಅಪ್ಪನೂ ಹಾಗೇ ಸೈನ್ ಹಾಕಿ ಹೋದ್ರು, ನೋಟ್ಸ್ ಅಚ್ಚುಕಟ್ಟಾಗಿತ್ತು, ಅವರಿಗೆ ಹೇಗೆ ಗೊತ್ತಾಗ್ಬೇಕು. ರಾತ್ರಿ ಊಟ ಆದ್ಮೇಲೆ ಮಗು ಕೈಗೆ ಇದೇ ಪೇಪರ್ ಕೊಟ್ಟು ಎರಡು ಸಾಲು ಓದಿಸಿ, ಯಾವ ಸುದ್ದಿ ಆದ್ರೂ ಪರವಾಗಿಲ್ಲ.

ಜನವರಿಯಿಂದ ನಾನು ಮತ್ತೆ ಇನ್ನೊಬ್ಬ ತಾಯಿ ಮಂಗಳವಾರ ಶುಕ್ರವಾರ ಮಧ್ಯಾಹ್ನ ಊಟ ಆದ್ಮೇಲೆ ಆ ಐದಾರು ಮಕ್ಕಳನ್ನ ಶಾಲೆ ಜಗಲಿ ಮೇಲೆ ಕೂರಿಸ್ಕೊಂಡು ಓದಿಸ್ತಾ ಇದ್ವಿ, ಮೇಷ್ಟ್ರು ನಲಿ ಕಲಿ ರೂಮಿಂದ ಕಾರ್ಡು ಕೊಟ್ರು. ಮೂರು ತಿಂಗಳಲ್ಲಿ ಎಲ್ಲಾ ಆಗಿಬಿಡ್ತು ಅಂತ ಹೇಳಲ್ಲ. ಇಬ್ಬರು ಇನ್ನೂ ಕಾಗುಣಿತದಲ್ಲೇ ತಡವರಿಸ್ತಾರೆ. ಆ ಹೆಣ್ಣು ಮಗು ಮಾರ್ಚ್ ಕೊನೇಲಿ ಹೂವಿನ ಪಾಠದ ಒಂದು ಪ್ಯಾರಾ ನಿಲ್ಲಿಸಿ ನಿಲ್ಲಿಸಿ ಓದಿದ್ಲು, ಕೊನೇ ಸಾಲು ಮುಗಿದ ಮೇಲೆ ಹಾಳೆ ಹಿಂದಕ್ಕೆ ತಿರುಗಿಸಿ ಮೊದಲಿಂದ ಇನ್ನೊಂದು ಸಲ ಓದಿದ್ಲು, ನಾನು ಹೇಳಿರಲಿಲ್ಲ. ಈಗ ರಜೆ, ಅವಳು ಅಜ್ಜಿ ಊರಿಗೆ ಹೋಗಿದ್ದಾಳೆ, ಕಾರ್ಡಿನ ಒಂದು ಕಟ್ಟು ಜೊತೆಗೆ ಕಳಿಸಿದ್ದೀನಿ. ಶಾಲೆ ಶುರುವಾದ ಮೇಲೆ ಅವಳು ಐದನೇ ಕ್ಲಾಸು, ಮೂರನೇ ಕ್ಲಾಸಿಂದ ಒಂಬತ್ತು ಮಕ್ಕಳು ನಾಲ್ಕಕ್ಕೆ ಬರ್ತಾರೆ. ಬೇರೆ ಊರಿನ ಎಸ್‌ಡಿಎಂಸಿಯವರು ಯಾರಾದ್ರೂ ಹೀಗೆ ಓದಿಸ್ತಾ ಇದ್ರೆ ಹೇಗೆ ಮಾಡ್ತಿದ್ದೀರ ಅಂತ ಇದೇ ಕಾಲಂಗೆ ಬರೀರಿ, ನಮಗೆ ಜೂನ್ ಒಳಗೆ ಗೊತ್ತಾದ್ರೆ ಉಪಯೋಗ ಆಗುತ್ತೆ.

ಇಂತಿ,
ಎಸ್‌ಡಿಎಂಸಿ ಸದಸ್ಯೆ, ಒಬ್ಬ ತಾಯಿ
ಅರಸೀಕೆರೆ ತಾಲೂಕು, ಹಾಸನ ಜಿಲ್ಲೆ