ಹೆರುವವರ ದಿನಚರಿಯನ್ನೂ ನೋಡಿ

ಮಾನ್ಯರೇ,

ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೋಗುವುದರಿಂದಲೇ ಜನನ ಪ್ರಮಾಣ ಕುಸಿಯುತ್ತಿದೆ ಎಂಬ ಗೊಣಗಾಟ ಈಗ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿಬರುತ್ತಿದೆ. ಮಾತು ಅರ್ಧ ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ, ಕರ್ನಾಟಕದಲ್ಲಿ 1992–93ರಲ್ಲಿ ಮಹಿಳೆಯೊಬ್ಬರಿಗೆ ಸರಾಸರಿ 2.9ರಷ್ಟಿದ್ದ ಮಕ್ಕಳ ಸಂಖ್ಯೆ 2019–21ರಲ್ಲಿ 1.7ಕ್ಕೆ ಇಳಿದಿದೆ. ನನ್ನ ಅಜ್ಜಿ ಒಂಬತ್ತು ಹೆತ್ತು ಐದನ್ನು ಉಳಿಸಿಕೊಂಡವರು. ನಿನಗೆಷ್ಟು ಬೇಕು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಮೊಮ್ಮಗಳಿಗೆ ಆ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳುವ ಧೈರ್ಯವನ್ನು ಓದು, ಸಂಬಳ ಕೊಟ್ಟಿವೆ.

2024ರ ಅಕ್ಟೋಬರ್‌ನಲ್ಲಿ ನೆರೆಯ ಆಂಧ್ರ, ತಮಿಳುನಾಡುಗಳ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳನ್ನು ಹೆರುವ ಮಾತನಾಡಿದರು. ಹೆರುವವರ ದಿನಚರಿಯ ಗತಿಯೇನು? ಅದೇ ವರ್ಷದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ದುಡಿದರೆ ಪುರುಷರು ದುಡಿಯುವುದು 88 ನಿಮಿಷ. (ಅದೂ ಕೈಹಚ್ಚುವ ಪುರುಷರದ್ದು, ಲೋಟವನ್ನೂ ಎತ್ತಿಡದವರು ಈ ಸರಾಸರಿಯಲ್ಲೇ ಇಲ್ಲ!) ಕಚೇರಿಯಿಂದ ಬಂದವಳೇ ಕುಕ್ಕರ್ ಇಡಬೇಕಾದ ಮನೆಯಲ್ಲಿ ಎರಡನೆಯ ಮಗು ಬೇಡ ಅನಿಸಿದರೆ ಆಶ್ಚರ್ಯವೇನಿದೆ? ದಕ್ಷಿಣ ಕೊರಿಯಾ ಪ್ರೋತ್ಸಾಹಧನವಾಗಿ ಕೋಟಿಗಟ್ಟಲೆ ಸುರಿದರೂ ಅಲ್ಲಿ ಮಹಿಳೆಯೊಬ್ಬರಿಗೆ ಸರಾಸರಿ ಮಕ್ಕಳ ಸಂಖ್ಯೆ 2023ರಲ್ಲಿ 0.72ಕ್ಕೆ ಬಿತ್ತು.

ನಮ್ಮ ಸರ್ಕಾರ ನರೇಗಾ ಕಾರ್ಮಿಕರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿರುವುದು ಒಳ್ಳೆಯ ಕೆಲಸ. ಅಂಥದ್ದೇ ಶಿಶುಪಾಲನಾ ಕೇಂದ್ರಗಳು ಪಟ್ಟಣಗಳ ಗಾರ್ಮೆಂಟ್ಸ್ ಕಾರ್ಮಿಕರು, ಅಂಗಡಿ ನೌಕರರ ಬಡಾವಣೆಗಳಲ್ಲೂ ಸಂಜೆ ಏಳರವರೆಗೆ ತೆರೆದಿರಲಿ.

– ನಿವೃತ್ತ ಶಿಕ್ಷಕಿ, ತುಮಕೂರು